ಗಣಕಯಂತ್ರದ ಸ್ವರರಚನೆ ಮತ್ತು ಸತ್ಯದ ಹೊಣೆ

ಸ್ವರಗಳನ್ನು ಲೆಕ್ಕದಿಂದ ಜೋಡಿಸುವುದು ಹೊಸ ವಿದ್ಯೆಯೇನಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಸ್ವರಪ್ರಸ್ತಾರವನ್ನು ವಿವರಿಸಿದ್ದಾನೆ. ಸಪ್ತಸ್ವರಗಳನ್ನು ಒಂದೊಂದು ಬಾರಿ ಮಾತ್ರ ಬಳಸಿದರೆ ೫೦೪೦ ಕ್ರಮಗಳು ದೊರೆಯುತ್ತವೆ. ಇಂತಿಷ್ಟನೆಯ ಕ್ರಮ ಯಾವುದೆಂದು ತಿಳಿಯಲು ಖಂಡಮೇರು ಎಂಬ ಕೋಷ್ಟಕವನ್ನೂ ಅವನು ನೀಡಿದ್ದಾನೆ. ಈ ಎಣಿಕೆಯ ಕೆಲಸವನ್ನೇ ಇಪ್ಪತ್ತನೆಯ ಶತಮಾನದಲ್ಲಿ ಯಂತ್ರವು ವಹಿಸಿಕೊಂಡಿತು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ ಎಂಬವರು ನಾಲ್ಕು ತಂತಿವಾದ್ಯಗಳಿಗಾಗಿ ಗಣಕಯಂತ್ರದಿಂದ ಒಂದು ಕೃತಿಯನ್ನು ರಚಿಸಿದರು. ೧೯೫೭ರಲ್ಲಿ ಅದು ಪೂರ್ಣಗೊಂಡಿತು. ಹಿಲ್ಲರ್ ರಸಾಯನಶಾಸ್ತ್ರವನ್ನೂ ಬಲ್ಲವರು. ಯಂತ್ರವು ಯದೃಚ್ಛೆಯಾಗಿ ಸಂಖ್ಯೆಗಳನ್ನು ಹುಟ್ಟಿಸುತ್ತಿತ್ತು. ಪ್ರತಿ ಸಂಖ್ಯೆಗೂ ಒಂದು ಸ್ವರ. ಪಾಶ್ಚಾತ್ಯ ಸಂಗೀತದ ನಿಯಮಗಳಿಗೆ ಹೊಂದಿದ ಸ್ವರ ಉಳಿಯುತ್ತಿತ್ತು, ಹೊಂದದ್ದು ತಿರಸ್ಕೃತವಾಗುತ್ತಿತ್ತು. ಆ ನಿಯಮಗಳನ್ನು ವಿಧಿಸಿದವರು ಮಾತ್ರ ಮನುಷ್ಯರು. ಕೃತಿಯ ನಾಲ್ಕು ಭಾಗಗಳನ್ನು ಕರ್ತೃಗಳು 'ಪ್ರಯೋಗ'ಗಳೆಂದೇ ಕರೆದರು. ಕೃತಿಗೆ ಯಂತ್ರದ ಹೆಸರನ್ನೇ ಸೇರಿಸಿ 'ಇಲಿಯಾಕ್ ಸೂಟ್' ಎಂದರು. ಕೇಳುವವನಿಗೆ ಸಂದೇಹಕ್ಕೆ ಎಡೆಯೇ ಇರಲಿಲ್ಲ.

ನಲವತ್ತು ವರ್ಷಗಳ ತರುವಾಯ, ೧೯೯೭ರಲ್ಲಿ, ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆ ನಡೆಯಿತು. ಜರ್ಮನಿಯ ಮಹಾಸಂಗೀತಕಾರ ಬಾಖ್‌ನ ಒಂದು ರಚನೆ, ಅವನ ಶೈಲಿಯಲ್ಲಿ ಪ್ರಾಧ್ಯಾಪಕ ಸ್ಟೀವ್ ಲಾರ್ಸನ್ ರಚಿಸಿದ ಒಂದು, ಡೇವಿಡ್ ಕೋಪ್ ಅವರ ಗಣಕವಿಧಿಯು ರಚಿಸಿದ ಇನ್ನೊಂದು—ಈ ಮೂರನ್ನೂ ಕರ್ತೃವಿನ ಹೆಸರು ತಿಳಿಸದೆ ಪಿಯಾನೋದಲ್ಲಿ ನುಡಿಸಲಾಯಿತು. ಸಭಿಕರ ಬಹುಮತವು ಯಂತ್ರದ ರಚನೆಯನ್ನು ಬಾಖ್‌ನದೆಂದೂ ಲಾರ್ಸನ್ನರ ರಚನೆಯನ್ನು ಯಂತ್ರದ್ದೆಂದೂ ತೀರ್ಮಾನಿಸಿತು! ತನ್ನ ಸ್ವಂತ ಶ್ರಮವು ಯಂತ್ರದ ಲೆಕ್ಕಕ್ಕೆ ಸೇರಿಹೋಗುವುದು ಯಾವ ಕಲಾವಿದನಿಗೆ ತಾನೇ ಸಹ್ಯ? ಆದರೆ ಕೋಪ್ ಅವರ ವಿಧಿಯೂ ಶೂನ್ಯದಿಂದ ರಚಿಸಿರಲಿಲ್ಲ. ಬಾಖ್‌ನ ಕೃತಿಗಳನ್ನೇ ವಿಂಗಡಿಸಿ, ಪರಿಶೀಲಿಸಿ, ಮರುಜೋಡಿಸಿತ್ತು.

ಈ ಪ್ರಸಂಗವು ನಮಗೆ ಕಲಿಸುವ ಪಾಠ ಸ್ಪಷ್ಟವಾಗಿದೆ. ಯಾರ ಕೃತಿ ಎಂಬುದನ್ನು ಕಿವಿಯು ನಿರ್ಣಯಿಸಲಾರದು. ಆದ್ದರಿಂದ ನಿಜವನ್ನು ಹೇಳುವ ಹೊಣೆಯು ಕೇಳುವವನ ಮೇಲಲ್ಲ, ಕೇಳಿಸುವವನ ಮೇಲಿದೆ. ಇಂದು ಗಣಕವಿಧಿಗಳು ಕ್ಷಣಮಾತ್ರದಲ್ಲಿ ಹಾಡು ಕಟ್ಟುತ್ತಿವೆ. ಮನೆಯ ಮಕ್ಕಳು ಅವುಗಳಿಂದ ಒಂದು ರಾಗವನ್ನು ಪಡೆದರೆ ದೋಷವಿಲ್ಲ. ಅದನ್ನು ತಮ್ಮದೆಂದು ಹೇಳಿಕೊಂಡರೆ ಮಾತ್ರ ದೋಷವಿದೆ. ೧೯೫೭ರ ಆ ಇಬ್ಬರು ತಮ್ಮ ಕೃತಿಯ ಶಿರೋನಾಮೆಯಲ್ಲೇ ಈ ಋಣವನ್ನು ಒಪ್ಪಿಕೊಂಡಿದ್ದರು. ಅಷ್ಟು ಸರಳವಾದ ಪ್ರಾಮಾಣಿಕತೆ ನಮಗೂ ಅಸಾಧ್ಯವಲ್ಲ.