ಬಾಗಿಲ ಸಂದಿನ ಚರಿತ್ರೆ

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟರೆ ಬಲಗಡೆಗೆ ಜಕ್ಕೂರಿನ ವಿಮಾನ ಮೈದಾನ ಸಿಗುತ್ತದೆ. ಮೈಸೂರು ಸಂಸ್ಥಾನದ ಕೊನೆಯ ದಿನಗಳಲ್ಲಿ, 1948ರಲ್ಲಿ, ಇಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಹುಟ್ಟಿತು. ಇಂಥ ಶಾಲೆಗಳ ಪುಟ್ಟ ವಿಮಾನಗಳ ಬಗ್ಗೆ ಒಂದು ಸಂಗತಿ ಹೊರಗಿನವರಿಗೆ ಅಚ್ಚರಿ ತರುವಂಥದು. ನಲವತ್ತು ವರ್ಷ ಹಳೆಯ ವಿಮಾನವೂ ಹಾರಲು ಯೋಗ್ಯವಾಗಿ ಉಳಿಯಬಲ್ಲದು. ಅದೇ ವಯಸ್ಸಿನ ಕಾರು ಮಾತ್ರ ಸಾಮಾನ್ಯವಾಗಿ ಗುಜರಿ ಸೇರಿರುತ್ತದೆ. ವಿಮಾನವನ್ನು ಇಂತಿಷ್ಟು ಗಂಟೆ ಹಾರಿದ ಮೇಲೆ ಬಿಚ್ಚಲೇಬೇಕು. ತಗಡಿನ ಮುಚ್ಚಳಗಳನ್ನು ತೆಗೆದು ಒಳಗಿನ ಎಲುಬುಗೂಡನ್ನು ಕಣ್ಣಾರೆ ನೋಡಲೇಬೇಕು. ಕಾರಿನ ಹೊಟ್ಟೆಯೊಳಗೆ ಯಾರೂ ಇಣುಕುವುದಿಲ್ಲ. ತೊಳೆಯುವಾಗ ಕೈಬೆರಳು ತಗಡಿನೊಳಕ್ಕೆ ತೂರಿದ ದಿನವೇ ಮಾಲೀಕನಿಗೆ ವಿಷಯ ತಿಳಿಯುವುದು.

ಹಳೆಯ ಕಾರು ಸಾಯುವುದು ಎಂಜಿನ್ನಿನಿಂದ ಎಂಬುದು ಜನರ ನಂಬಿಕೆ. ನಿಜಕ್ಕೂ ಎಂಜಿನ್ನಿಗೆ ಮರುಜನ್ಮ ಕೊಡುವುದು ಅಷ್ಟು ಕಷ್ಟವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೆ ಬಿಡಿಭಾಗ ಸಿಕ್ಕೀತು, ಸಿಗದಿದ್ದರೆ ಲೇತ್ ಮೇಲೆ ಕಡೆಸಿಕೊಳ್ಳಬಹುದು. ಕಾರನ್ನು ಕೊಲ್ಲುವುದು ಮೈಗೆ ಹಿಡಿದ ತುಕ್ಕು. ಆ ರೋಗದ ಮೊದಲ ಲಕ್ಷಣ ಕಾಣುವುದು ಬಾಗಿಲ ಸಂದಿನಲ್ಲಿ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಆ ಗೆರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆಯೇ? ಬಾಗಿಲು ಹಾಕುವಾಗ ತುಸು ಎತ್ತಿ ತಳ್ಳಬೇಕೇ? ಹಾಗಿದ್ದರೆ ಕಾರು ನಡು ಬಗ್ಗಿಸಿದೆ ಎಂದೇ ಅರ್ಥ. ಗಾರೆಯವನಿಗೆ ತೂಗುಗುಂಡು ಹೇಗೋ ಹಳೆಯ ಕಾರು ನೋಡುವವನಿಗೆ ಈ ಸಂದು ಹಾಗೆ.

ಸಂದುಗಳ ಮಾತು ಬಂದರೆ ನಮ್ಮವರಿಗೆ ಥಟ್ಟನೆ ನೆನಪಾಗಬೇಕಾದ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಅಂಬಾಸಿಡರ್, ಫಿಯಟ್ ಬಿಟ್ಟರೆ ಆ ಕಾಲದಲ್ಲಿ ದೇಶದಲ್ಲಿ ಸಿಗುತ್ತಿದ್ದ ಮೂರನೆಯ ಕಾರು ಅದು. ಚೂಪು ಮೂಗಿನ, ಎರಡೇ ಬಾಗಿಲಿನ, ಬೊಂಬೆಯಂಥ ಆ ಗಾಡಿಯ ಬಾಗಿಲು ಸರಿಯಾಗಿ ಕೂರುವುದಿಲ್ಲ ಎಂಬ ಅಪಖ್ಯಾತಿಯೂ ಅದರ ಜೊತೆಗೇ ಇತ್ತು. ಅದಕ್ಕೆ ಮದರಾಸಿನ ಕಾರ್ಮಿಕರನ್ನು ದೂರಿದವರುಂಟು. ಕಾರಣ ಇದ್ದದ್ದು ಇಂಗ್ಲೆಂಡಿನಲ್ಲಿ, 1953ರಷ್ಟು ಹಿಂದೆ.

ಆ ಕಾಲದ ಬ್ರಿಟಿಷ್ ಕಾರು ಕಂಪನಿಗಳಲ್ಲಿ ಹಲವು ಕಾರಿನ ಮೈಯನ್ನು ತಾವೇ ಮಾಡುತ್ತಿರಲಿಲ್ಲ. ಉಕ್ಕಿನ ದೊಡ್ಡ ತಗಡನ್ನು ಒಂದೇ ಏಟಿಗೆ ಒತ್ತಿ ಆಕಾರ ಕೊಡುವ ಯಂತ್ರಗಳಿಗೆ ಅಪಾರ ಬಂಡವಾಳ ಬೇಕು. ಹಾಗಾಗಿ ಆ ಕೆಲಸಕ್ಕೆಂದೇ ಬೇರೆ ಕಂಪನಿಗಳಿದ್ದವು. ಕೊವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಮೈ ಒದಗಿಸುತ್ತಿದ್ದದ್ದು ಫಿಶರ್ ಅಂಡ್ ಲಡ್ಲೋ. 1953ರಲ್ಲಿ ಎದುರಾಳಿ ಬಿ.ಎಂ.ಸಿ. ಅದನ್ನು ಕೊಂಡುಬಿಟ್ಟಿತು. ಹೊಸ ಕಾರಿಗೆ ಪೂರ್ತಿ ಮೈ ಒತ್ತಿಕೊಡುವವರು ಇಲ್ಲವಾದರು. ಸ್ಟ್ಯಾಂಡರ್ಡ್‌ನ ಎಂಜಿನಿಯರುಗಳು, ಅವರಲ್ಲಿ ಮುಖ್ಯವಾಗಿ ಹ್ಯಾರಿ ವೆಬ್‌ಸ್ಟರ್, ಹಿಂದಕ್ಕೆ ಹೆಜ್ಜೆ ಇಟ್ಟರು. ಉಳಿದವರೆಲ್ಲ ಚಾಸಿ ಬಿಟ್ಟು ಮೈಯೇ ಚೌಕಟ್ಟಾಗುವ ಕಾರಿಗೆ ಹೊರಳುತ್ತಿದ್ದಾಗ ಇವರು ಹಳೆಯ ಕ್ರಮದ ಚಾಸಿ ಇಟ್ಟುಕೊಂಡು, ಮೈಯನ್ನು ತುಂಡುತುಂಡಾಗಿ ಬೇರೆಬೇರೆ ಕಡೆ ಮಾಡಿಸಿ ಬೋಲ್ಟು ಹಾಕಿ ಜೋಡಿಸಿದರು. ಇಟಲಿಯ ಟ್ಯೂರಿನ್ನಿನ ಜೊವಾನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟ. 1959ರ ಏಪ್ರಿಲ್‌ನಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂತು.

ಬಡತನಕ್ಕೆ ಹುಡುಕಿದ ಈ ಉಪಾಯ ಇನ್ನೊಂದು ರೀತಿಯಲ್ಲಿ ಲಾಭವಾಯಿತು. ಬೋಲ್ಟಿನಿಂದ ಜೋಡಿಸುವ ಕಾರನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾಡತೊಡಗಿತು, ವರ್ಷ ಕಳೆದಂತೆ ಒಂದೊಂದೇ ಭಾಗ ಸ್ವದೇಶಿಯಾಯಿತು. ಕುಟುಂಬಗಳಿಗೆ ಅನುಕೂಲವಾಗಲೆಂದು ನಾಲ್ಕು ಬಾಗಿಲಿನ ಹೆರಾಲ್ಡ್ ಕೂಡ ಬಂತು. ಹೀಗೊಂದು ಕಾರನ್ನು ಇಂಗ್ಲೆಂಡ್ ಮಾಡಲೇ ಇಲ್ಲ. ಆಮೇಲಿನ ಗೆಜೆಲ್ 1972ರಿಂದ 1977ರವರೆಗೆ ನಡೆಯಿತು.

ಇಂಗ್ಲೆಂಡಿನಲ್ಲಿ ಹೆರಾಲ್ಡ್‌ಗೆ ಒಬ್ಬ ತಮ್ಮ ಹುಟ್ಟಿದ: 1962ರಲ್ಲಿ ಬಂದ, ಎರಡು ಸೀಟಿನ, ತೆರೆದ ಮೈಯ ಟ್ರಯಂಫ್ ಸ್ಪಿಟ್‌ಫೈರ್. ಯುದ್ಧಕಾಲದ ಪ್ರಸಿದ್ಧ ವಿಮಾನದ ಹೆಸರು ಹೊತ್ತ ಈ ಸ್ಪೋರ್ಟ್ಸ್ ಕಾರಿನ ರೂಪವೂ ಮಿಕೆಲೊಟ್ಟಿಯದೇ. ಕಂಪನಿಯಲ್ಲಿ ಹಣವಿಲ್ಲದೆ ಮಾದರಿ ಕಾರು ಮೂಲೆಯಲ್ಲಿ ಬಟ್ಟೆ ಹೊದ್ದು ಬಿದ್ದಿತ್ತೆಂದೂ, ಲೇಲ್ಯಾಂಡ್ ಕಂಪನಿ ಸ್ಟ್ಯಾಂಡರ್ಡನ್ನು ಕೊಂಡ ಮೇಲೆ ಹೊಸ ಯಜಮಾನರ ಕಣ್ಣಿಗೆ ಬಿದ್ದು ಬದುಕಿತೆಂದೂ ಕಥೆಯಿದೆ. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದವು. ಭಾರತದಲ್ಲಿ ಅದು ತಯಾರಾಗಲಿಲ್ಲ. ಆದರೂ ಮದರಾಸಿನ ಹೆರಾಲ್ಡಿನ ಬಾನೆಟ್ಟು ಎತ್ತಿ ನೋಡಿದವರು ಆ ವಂಶವನ್ನು ಅರ್ಧ ನೋಡಿದಂತೆಯೇ.

ಬಾನೆಟ್ಟು ಎಂದರೆ ಇಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳವಷ್ಟೇ ಅಲ್ಲ. ಎರಡೂ ಮಡ್‌ಗಾರ್ಡು ಸೇರಿದಂತೆ ಕಾರಿನ ಇಡೀ ಮೂತಿ ಮುಂದಕ್ಕೆ ವಾಲಿಕೊಳ್ಳುತ್ತದೆ. ರಿಪೇರಿಯವನಿಗೆ ಇದು ಸ್ವರ್ಗ, ಸಂದು ಕೂಡಿಸುವವನಿಗೆ ನರಕ. ಮುಂಭಾಗದ ತೊಟ್ಟಿ, ಹಿಂಭಾಗದ ತೊಟ್ಟಿ, ಮೇಲಿನ ಮಾಡು, ಡಿಕ್ಕಿಯ ಮುಚ್ಚಳ, ಬಾಗಿಲುಗಳು, ಎಲ್ಲವೂ ಬೇರೆಬೇರೆ. (ಡಿಕ್ಕಿ ಎಂಬ ಮಾತೂ ಬ್ರಿಟಿಷ್ ಕಾರುಗಳದ್ದೇ. ಎರಡು ಸೀಟಿನ ಹಳೆಯ ಕಾರುಗಳ ಹಿಂಬದಿಯಲ್ಲಿ ಮಡಿಚಿಡುತ್ತಿದ್ದ ಹೆಚ್ಚುವರಿ ಸೀಟಿಗೆ ಆ ಹೆಸರಿತ್ತು. ನಮ್ಮಲ್ಲಿ ಅದು ಸಾಮಾನಿನ ಜಾಗವಾಯಿತು. ಕನ್ನಡದಲ್ಲಿ ಗುದ್ದಿಗೂ ಡಿಕ್ಕಿಯೆಂದೇ ಹೇಳುವುದು ಕಾರಿನ ದುರದೃಷ್ಟ.) ಮೈಯ ತುಂಡುಗಳಿಗೂ ಚಾಸಿಗೂ ನಡುವೆ ಬಿಲ್ಲೆಗಳಿರುತ್ತವೆ. ಒಂದು ಮೂಲೆಯ ಬಿಲ್ಲೆ ತೆಳುವಾದರೆ ಆ ಮೂಲೆ ತಗ್ಗುತ್ತದೆ, ಬಾಗಿಲ ಸಂದು ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ. ಹೊಸದರಲ್ಲಿ ಕಾರ್ಖಾನೆಯವರು ಒಂದೊಂದು ಕಾರಿಗೂ ಹೀಗೆ ಬಿಲ್ಲೆ ಸೇರಿಸಿ, ತೆಗೆದು ಹೊಂದಿಸಿದ್ದರು. ಕಾರು ಬಿಚ್ಚುವವನು ಯಾವ ಬೋಲ್ಟಿನ ಕೆಳಗೆ ಎಷ್ಟು ಬಿಲ್ಲೆಯಿತ್ತು ಎಂದು ಬರೆದಿಟ್ಟುಕೊಳ್ಳದಿದ್ದರೆ ಆ ಲೆಕ್ಕ ಅಲ್ಲಿಗೆ ಹೋಯಿತು.

ಮತ್ತೆ ಕೂಡಿಸುವಾಗ ಕ್ರಮ ಮುಖ್ಯ. ಮೊದಲು ಚಾಸಿ ನೆಟ್ಟಗಿದೆಯೇ ಎಂದು ಮೂಲೆಯಿಂದ ಮೂಲೆಗೆ ಅಳೆಯಬೇಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ಚಕ್ರಗಳ ಮೇಲೆಯೇ ನಿಲ್ಲಿಸುವುದು ಲೇಸು. ಜಾಕಿನ ಮೇಲೆ ಕುಳಿತ ಕಾರಿನ ಸಂದು ನೆಲಕ್ಕಿಳಿದಾಗ ಬೇರೆಯಾಗುತ್ತದೆ. ಆಮೇಲೆ ಎರಡೂ ತೊಟ್ಟಿಗಳನ್ನು ಬೋಲ್ಟು ಬಿಗಿಯದೆ ಸಡಿಲವಾಗಿ ಕೂರಿಸಿ ಬಾಗಿಲು ತೂಗುಹಾಕಬೇಕು. ಬಾಗಿಲ ಹಿಂಬದಿಯ ಸಂದು ಮೊದಲು ಸರಿಯಾಗಬೇಕು, ಏಕೆಂದರೆ ಹಿಂದಿನ ಮಡ್‌ಗಾರ್ಡು ತೊಟ್ಟಿಯ ಜೊತೆಗೇ ಇದೆ, ಅದನ್ನು ಒಂಟಿಯಾಗಿ ಸರಿಸುವಂತಿಲ್ಲ. ಬಾಗಿಲಿಗೆ ತಕ್ಕಂತೆ ಬಾನೆಟ್ಟು ಹೊಂದಬೇಕೇ ಹೊರತು ಬಾನೆಟ್ಟಿಗೆ ತಕ್ಕಂತೆ ಬಾಗಿಲಲ್ಲ. ಮುಂದಿನಿಂದ ಆರಂಭಿಸಿದವನು ಹಿಂದೆ ಬರುವ ಹೊತ್ತಿಗೆ ಅಷ್ಟೂ ತಪ್ಪು ಡಿಕ್ಕಿಯ ಮುಚ್ಚಳದ ಬಳಿ ಬಂದು ಸೇರುತ್ತದೆ. ಎಲ್ಲ ಗೆರೆಗಳೂ ಒಪ್ಪಿದ ಮೇಲೆ ಬೋಲ್ಟು ಬಿಗಿಯಬೇಕು, ಬಿಗಿದ ಮೇಲೆ ಮತ್ತೆ ನೋಡಬೇಕು. ಬಿಗಿಯುವಾಗಲೇ ಎಷ್ಟೋ ಸಂದು ಕದಲುತ್ತದೆ. ಇಷ್ಟೂ ಬಣ್ಣಕ್ಕೆ ಮೊದಲು ಆಗಬೇಕಾದ ಕೆಲಸ. ಹೊಳೆಯುವ ಬಣ್ಣ ಬಳಿದ ಮೇಲೆ ಬಾಗಿಲು ಕೂಡಿಸಲು ಹೊರಡುವುದು ಮದುವೆ ಮುಗಿಸಿ ಗಂಡು ನೋಡಲು ಹೋದಂತೆ.

ಸ್ಪಿಟ್‌ಫೈರ್‌ನಲ್ಲಿ ತೊಡಕು ಇನ್ನೂ ಆಳದ್ದು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪಟ್ಟಿಯನ್ನು ನಮ್ಮ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಹೆರಾಲ್ಡಿನಲ್ಲಿ ಅದು ಬೋಲ್ಟು ಹಾಕಿದ ಅಲಂಕಾರ ಮಾತ್ರ. ಭಾರ ಹೊರುವುದು ಚಾಸಿಯ ತೋಳುಗಳು. ಸ್ಪಿಟ್‌ಫೈರ್‌ನ ಚಾಸಿಗೆ ಅಕ್ಕಪಕ್ಕದ ಆ ತೋಳುಗಳಿಲ್ಲ, ಮೇಲೆ ಮಾಡಿಲ್ಲ. ಹಾಗಾಗಿ ಈ ಹೊಸ್ತಿಲೇ ತೊಲೆ. ಚಾಸಿಯೇ ಇಲ್ಲದ ಎಂ.ಜಿ.ಬಿ.ಯಂಥ ತೆರೆದ ಕಾರಿನಲ್ಲಿ ಅದು ಇನ್ನಷ್ಟು ನಿಜ. ತುಕ್ಕು ತಿಂದ ಹೊಸ್ತಿಲನ್ನು ಅವಸರದಲ್ಲಿ ಕತ್ತರಿಸಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಅದೇ ಸ್ಥಿತಿಯಲ್ಲಿ ಹೊಸ ತಗಡು ವೆಲ್ಡ್ ಮಾಡಿದರೆ ಕುಸಿತ ಶಾಶ್ವತ. ಆಮೇಲೆ ಬಾಗಿಲನ್ನು ಎಷ್ಟು ಬಡಿದರೂ, ಉಜ್ಜಿದರೂ ಪ್ರಯೋಜನವಿಲ್ಲ. ತಿಳಿದವರು ಮೊದಲು ಬಾಗಿಲ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು, ಒಂದು ಬದಿ ಮುಗಿಸಿ, ಬಾಗಿಲು ತೂಗಿ ನೋಡಿ, ನಂತರವೇ ಇನ್ನೊಂದು ಬದಿಗೆ ಕೈ ಹಾಕುತ್ತಾರೆ.

ತುಕ್ಕಿನ ಸ್ವಭಾವವನ್ನೂ ಇಲ್ಲಿ ಹೇಳಬೇಕು. ಕಬ್ಬಿಣ ತುಕ್ಕಾದಾಗ ತೆಳುವಾಗುವುದಷ್ಟೇ ಅಲ್ಲ, ಉಬ್ಬುತ್ತದೆ. ಎರಡು ತಗಡುಗಳ ಅಂಚು ಸೇರುವಲ್ಲಿ ತುಕ್ಕು ಹುಟ್ಟಿದರೆ ಬೆಣೆ ಹೊಡೆದಂತೆ ಅವನ್ನು ಅಗಲಿಸುತ್ತದೆ. ಸಮುದ್ರದಿಂದ ಸುಮಾರು ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಉಪ್ಪುಗಾಳಿಯಿಲ್ಲ. ಮಂಗಳೂರು, ಕಾರವಾರದ ಕಾರುಗಳಿಗಿಂತ ಇಲ್ಲಿನವು ಈ ವಿಷಯದಲ್ಲಿ ಪುಣ್ಯವಂತ. ಹಾಗೆಂದು ಮೈಮರೆಯುವಂತಿಲ್ಲ. ಬಾಗಿಲೊಳಗೆ ಇಳಿದ ಮಳೆನೀರು ಹೊರಹೋಗಲು ಕೆಳಗೆ ಸಣ್ಣ ತೂತುಗಳಿರುತ್ತವೆ. ಧೂಳು ಕಟ್ಟಿ ಅವು ಮುಚ್ಚಿದರೆ ಎಂಥ ಹವೆಯಲ್ಲೂ ಬಾಗಿಲು ಕೆಳಗಿನಿಂದ ಕೊಳೆಯುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕೊಳ್ಳುವವನು ಮೋಸಹೋಗುತ್ತಾನೆ. ಅಪಘಾತವಾದರೆ ಆ ಪುಟ್ಟಿ ಯಾರನ್ನೂ ಕಾಯುವುದಿಲ್ಲ.

ಹೊಸ ಪ್ಯಾನೆಲ್ ತಂದು ಹಾಕಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಆ ಕಾಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು ಯಂತ್ರದಲ್ಲಿ ಒತ್ತಿದವಾದರೂ ಕೈಯಲ್ಲಿ ಹೊಂದಿಸಿದವು. ಕೀಲುಗಳಲ್ಲಿನ ಗೆರೆಗಳನ್ನು ಸೀಸ ಮತ್ತು ತವರದ ಬೆಸುಗೆಯಿಂದ ತುಂಬಿ, ಮರದ ಪಟ್ಟಿಯಿಂದ ಸವರಿ, ಅರದಿಂದ ಉಜ್ಜಿ ನಯ ಮಾಡುತ್ತಿದ್ದರು. ಜಾಗ್ವಾರ್ ಇ-ಟೈಪ್‌ಗೆ ಗಾಳಿಯ ಲೆಕ್ಕ ಹಾಕಿ ರೂಪ ಕೊಟ್ಟ ಮಾಲ್ಕಮ್ ಸೇಯರ್ ಹಿಂದೆ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿದ್ದವನು. ಅವನ ಲೆಕ್ಕ ಎಷ್ಟು ಕರಾರುವಾಕ್ಕಾಗಿದ್ದರೂ ಅದರ ಉದ್ದನೆಯ ಬಾನೆಟ್ಟನ್ನು ಕಾರಿಗೆ ಹೊಂದಿಸಲು ಕೈಪಳಗಿದವನೇ ಬೇಕಿತ್ತು. ಹಾಗಾಗಿ ಒಂದು ಕಾರಿನ ಬಾಗಿಲು ಅದೇ ವರ್ಷದ ಇನ್ನೊಂದು ಕಾರಿಗೆ ಕೂರದೆ ಇರಬಹುದು. 1988ರಿಂದ ಇಂಗ್ಲೆಂಡಿನಲ್ಲಿ ಹಳೆಯ ಅಚ್ಚುಗಳನ್ನೇ ಹುಡುಕಿ ಎಂ.ಜಿ.ಬಿ.ಯ ಇಡೀ ಮೈಯನ್ನು ಹೊಸದಾಗಿ ಮಾಡಿ ಮಾರತೊಡಗಿದ್ದಾರೆ. ಹೆರಾಲ್ಡ್, ಗೆಜೆಲ್ ಇಟ್ಟುಕೊಂಡ ನಮ್ಮವರಿಗೆ ಆ ಭಾಗ್ಯವಿಲ್ಲ. ನಾಲ್ಕು ಬಾಗಿಲಿನ ಹೆರಾಲ್ಡಿನ ಹಿಂಬಾಗಿಲು ಇಂಗ್ಲೆಂಡಿನಲ್ಲಿ ಹುಟ್ಟಿಯೇ ಇರಲಿಲ್ಲವಲ್ಲ! ಇಲ್ಲಿ ತಗಡು ಕತ್ತರಿಸಿ, ಮರದ ದಿಮ್ಮಿಯ ಮೇಲೆ ಬಡಿದು, ಸುತ್ತಿಗೆ ಮತ್ತು ಡಾಲಿಯ ನಡುವೆ ಆಕಾರ ತರುವ ಟಿಂಕರನೇ ಗತಿ.

ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧ ಮುಗಿದ ಮೇಲೆ ರೈಲು ಬೋಗಿ, ಬಸ್ಸಿನ ಮೈಗಳನ್ನೂ ಮಾಡಿತು. ಅದರ ದೊಡ್ಡ ಸಾಹಸ 1948ರದ್ದು, ಜಕ್ಕೂರಿನ ಶಾಲೆ ಹುಟ್ಟಿದ ವರ್ಷವೇ. ಯುದ್ಧಾನಂತರ ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದ, ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿದ್ದ ಲಿಬರೇಟರ್ ಬಾಂಬರುಗಳನ್ನು ಅಲ್ಲೇ ಹಾರುವಷ್ಟು ಮಟ್ಟಿಗೆ ತೇಪೆ ಹಾಕಿ, ಜಮ್‌ಶೆಡ್ ಮುನ್ಶಿ ಎಂಬ ಪೈಲಟ್ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ನಲವತ್ತೆರಡು ವಿಮಾನಗಳು ಮರಳಿ ಸಿದ್ಧವಾಗಿ, 1968ರವರೆಗೂ ವಾಯುಪಡೆಯಲ್ಲಿ ದುಡಿದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿರುವ ಲಿಬರೇಟರ್ ಕೂಡ ಭಾರತದಿಂದ ಹೋದದ್ದು. ಬಿಟ್ಟುಹೋದವರಿಗೇ ನಾವು ರಿಪೇರಿ ಮಾಡಿದ್ದನ್ನು ಕೊಟ್ಟೆವು ಎನ್ನೋಣ.

ಈಗ ಕಾನೂನೂ ಈ ಕೆಲಸದತ್ತ ಕಣ್ಣಿಟ್ಟಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿ.ಎ.' ಅಕ್ಷರಗಳ ಫಲಕ ಪಡೆಯಬಹುದು. ಷರತ್ತೆಂದರೆ ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಕೊನೆಯ ಗೆಜೆಲ್‌ಗಳಿಗೆ ಐವತ್ತು ತುಂಬುವುದು 2027ರಲ್ಲಿ. ತುಕ್ಕು ಹಿಡಿದ ಹೊಸ್ತಿಲನ್ನು ಅದೇ ಅಳತೆಯ ತಗಡಿನಿಂದ ಬದಲಿಸುವುದು ದುರಸ್ತಿ, ಮೂತಿ ಕತ್ತರಿಸಿ ಇನ್ನೊಂದು ಕಾರಿನದನ್ನು ಅಂಟಿಸುವುದು ಬದಲಾವಣೆ ಎಂದೇ ನಾನು ತಿಳಿಯುತ್ತೇನೆ. ಇನ್ನೊಂದು ಪ್ರಶ್ನೆಯೂ ಇದೆ. ಇಂದಿನ ಕಾರುಗಳ ಸಂದು ಮೂರು ನಾಲ್ಕು ಮಿಲಿಮೀಟರ್, ಎಲ್ಲ ಕಡೆಯೂ ಒಂದೇ ಸಮ. ಹಳೆಯ ಹೆರಾಲ್ಡನ್ನೂ ಹಾಗೆ ಮಾಡಿಕೊಡಿ ಎಂದು ಕೇಳುವ ಮಾಲೀಕರಿದ್ದಾರೆ. ಮಾಡಿಕೊಡಬಹುದು, ಅಂಚುಗಳಿಗೆ ಲೋಹ ಸೇರಿಸಿ, ಉಜ್ಜಿ. ಕಾರ್ಖಾನೆಯಿಂದ ಹೊರಬಂದ ದಿನವೂ ಆ ಕಾರು ಹಾಗಿರಲಿಲ್ಲ. ಬಾಗಿಲು ಒಂದೇ ಕೈಯಲ್ಲಿ, ಎತ್ತದೆ, ಒಂದೇ ಸದ್ದಿಗೆ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡಿ ಅಲ್ಲಿಗೆ ನಿಲ್ಲಿಸುವ ಟಿಂಕರ್ ಸಿಕ್ಕರೆ ಅವನಿಗೇ ಕೆಲಸ ಕೊಡಿ. ಬಿಚ್ಚುವ ಮೊದಲು ನಾಲ್ಕೂ ಕಡೆಯ ಸಂದಿನ ಫೋಟೋ ತೆಗೆದಿಡಲು ಮಾತ್ರ ಮರೆಯಬೇಡಿ.