‘ನರ’ ಅಂದ್ರೆ ಯಾವ ನರ? ಡಾಪ್ಲರ್ ಸ್ಕ್ಯಾನ್ ಹುಟ್ಟಿದ ಕಥೆ

ಅಪ್ಪ ‘ಕಾಲಿನ ನರ ಎಳೀತಿದೆ ಮಗಾ’ ಅಂತಾರೆ. ನೀವು ಅವರನ್ನ ಬರ್ ದುಬೈನ ಯಾವುದೋ ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ತೀರಿ. ಡಾಕ್ಟರಿಗೆ ಕನ್ನಡ ಬರಲ್ಲ, ಅನುವಾದದ ಕೆಲಸ ನಿಮ್ಮದು. ‘ನರ’ ಅಂದ ತಕ್ಷಣ ನಿಮ್ಮ ಬಾಯಿಗೆ ಬರೋದು ‘ನರ್ವ್’. ನಿಘಂಟಿನ ಪ್ರಕಾರ ಅದು ಸರಿ. ಆದರೆ ಅಪ್ಪ ನಿಘಂಟು ನೋಡಿ ಮಾತಾಡಿದವರಲ್ಲ.

ಆಡುಮಾತಿನಲ್ಲಿ ‘ನರ’ ಅನ್ನೋದು ಒಂದು ದೊಡ್ಡ ಕೂಡುಕುಟುಂಬ. ಡ್ರಿಪ್ ಹಾಕೋಕೆ ನರ್ಸ್ ಕೈಯಲ್ಲಿ ಹುಡುಕೋದು ನರ. ಸಿಟ್ಟು ಬಂದಾಗ ಹಣೆ ಮೇಲೆ ಉಬ್ಬೋದು ನರ. ಸೊಂಟದಿಂದ ಪಾದದ ತನಕ ಕರೆಂಟ್ ಹೊಡೆದ ಹಾಗೆ ಹರಿಯೋ ನೋವೂ ನರದ್ದೇ. ಮೀನಖಂಡದ ಮೇಲೆ ನೀಲಿ ಗಂಟುಗಂಟಾಗಿ ಸುತ್ತಿಕೊಂಡಿರೋದೂ ನರವೇ. ತಮಿಳಿನ ನರಂಬು, ಮಲಯಾಳದ ಞರಂಬು ಕೂಡ ಇದೇ ಜಾತಿಯ ಮಾತುಗಳು. ಹಾಗಾಗಿ ಪಕ್ಕದಲ್ಲಿ ನಿಂತ ಮಲಯಾಳಿ ನರ್ಸಿಗೆ ಅಪ್ಪನ ಕನ್ನಡ ನಿಮ್ಮ ಇಂಗ್ಲಿಷಿಗಿಂತ ಚೆನ್ನಾಗಿ ಅರ್ಥ ಆದರೆ ಆಶ್ಚರ್ಯ ಬೇಡ.

ಪಠ್ಯಪುಸ್ತಕದ ಕನ್ನಡ ಈ ಕುಟುಂಬವನ್ನ ಪಾಲು ಮಾಡಿದೆ. ಹೃದಯದಿಂದ ರಕ್ತ ತೆಗೆದುಕೊಂಡು ಹೋಗೋದು ಅಪಧಮನಿ, ವಾಪಸ್ ತರೋದು ಅಭಿಧಮನಿ. ‘ಅಪ’ ಅಂದ್ರೆ ದೂರಕ್ಕೆ, ‘ಅಭಿ’ ಅಂದ್ರೆ ಕಡೆಗೆ. ಎರಡಕ್ಕೂ ಇರೋ ವ್ಯತ್ಯಾಸವೇ ದಿಕ್ಕು. ಇದನ್ನ ನೆನಪಲ್ಲಿ ಇಟ್ಕೊಳ್ಳಿ. ಇವತ್ತಿನ ಕಥೆಯೇ ದಿಕ್ಕಿನದು: ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ, ಒಳಗೆ ರಕ್ತ ಯಾವ ಕಡೆಗೆ ಹೋಗ್ತಿದೆ ಅಂತ ಮನುಷ್ಯ ಹೇಗೆ ಕಂಡುಕೊಂಡ ಅನ್ನೋದು.

ಮೊದಲು, ಅದು ತಿಳಿಯದೇ ಇದ್ದರೆ ಏನಾಗತ್ತೆ ಅಂತ ನೋಡೋಣ. ಮೀನಾ ಬಜಾರಿನ ಬಟ್ಟೆ ಅಂಗಡಿಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ, ಸಲೂನುಗಳಲ್ಲಿ ನಮ್ಮವರು ಹತ್ತು ಹನ್ನೆರಡು ಗಂಟೆ ನಿಂತೇ ದುಡಿದಿದ್ದಾರೆ, ಈಗಲೂ ದುಡೀತಾರೆ. ಕಾಲು ನೋಯ್ತು ಅಂದ್ರೆ ‘ನಿಂತು ನಿಂತು ಹಾಗಾಗಿದೆ’ ಅಂತ ಮಾತು ಮುಗಿಸ್ತಾರೆ. ಫಾರ್ಮಸಿಯಿಂದ ಬಿಗಿ ಸಾಕ್ಸ್ ತಂದು ಹಾಕ್ಕೋತಾರೆ. ಅಭಿಧಮನಿ ಉಬ್ಬಿದ್ದರೆ, ಅಂದ್ರೆ ವೆರಿಕೋಸ್ ವೇನ್ಸ್ ಆಗಿದ್ದರೆ, ಆ ಸಾಕ್ಸ್ ಒಳ್ಳೇದೇ. ಆದರೆ ತೊಂದರೆ ಅಪಧಮನಿಯಲ್ಲಿದ್ದರೆ, ಕಾಲಿಗೆ ರಕ್ತ ಬರೋ ದಾರಿಯೇ ತೀರಾ ಸಣ್ಣದಾಗಿದ್ದರೆ? ಮೊದಲೇ ಕಮ್ಮಿ ಬರ್ತಿರೋ ರಕ್ತವನ್ನ ಆ ಸಾಕ್ಸ್ ಇನ್ನೂ ಹಿಸುಕತ್ತೆ. ಸಕ್ಕರೆ ಕಾಯಿಲೆ ಇದ್ದವರ ಕಾಲಿನಲ್ಲಿ ಇದು ಆಟದ ಮಾತಲ್ಲ.

ಇನ್ನೊಂದು ವಿಷಯ. ದುಬೈಯಲ್ಲಿ 2013ರ 11ನೇ ಕಾನೂನು ಬಂದ ಮೇಲೆ ಹಂತಹಂತವಾಗಿ ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯವಾಯ್ತು. ಕಮ್ಮಿ ಸಂಬಳದವರಿಗೆ ಸಿಗೋ ಮೂಲ ಪ್ಲಾನಿನಲ್ಲಿ ಮೊದಲು ಜನರಲ್ ಡಾಕ್ಟರ್, ಅವರು ಚೀಟಿ ಬರೆದ ಮೇಲೆ ಸ್ಪೆಷಲಿಸ್ಟ್. ಆ ಚೀಟಿ ಯಾವ ವಿಭಾಗಕ್ಕೆ ಹೋಗತ್ತೆ ಅನ್ನೋದು ಬಹುಮಟ್ಟಿಗೆ ನೀವು ‘ನರ’ವನ್ನ ಏನಂತ ಅನುವಾದ ಮಾಡಿದ್ರಿ ಅನ್ನೋದರ ಮೇಲೆ ನಿಂತಿದೆ.

ಈಗ ಹಳೇ ಕಥೆಗೆ ಬರೋಣ. 1842ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಅನ್ನೋ ಆಸ್ಟ್ರಿಯಾದ ಮೇಷ್ಟ್ರು ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ಒಂದು ಪ್ರಬಂಧ ಓದಿದರು. ನಮ್ಮ ಕಡೆಗೆ ಬರೋ ವಸ್ತುವಿನ ಅಲೆಗಳು ಒತ್ತೊತ್ತಾಗ್ತವೆ, ದೂರ ಹೋಗೋ ವಸ್ತುವಿನದು ವಿರಳವಾಗ್ತವೆ ಅನ್ನೋದು ಅವರ ವಾದ. ನಕ್ಷತ್ರಗಳ ಬಣ್ಣಕ್ಕೆ ಅದೇ ಕಾರಣ ಅಂದಿದ್ದು ತಪ್ಪಾಯ್ತು, ತತ್ವ ಮಾತ್ರ ಗಟ್ಟಿಯಾಗಿ ನಿಂತಿತು. 1845ರಲ್ಲಿ ಹಾಲೆಂಡಿನ ಬೈಸ್ ಬಲೋಟ್ ಇದನ್ನ ಪರೀಕ್ಷೆ ಮಾಡಿದ ರೀತಿ ನನಗೆ ಬಹಳ ಇಷ್ಟ. ಉಟ್ರೆಕ್ಟ್ ಹತ್ತಿರ ರೈಲಿನಲ್ಲಿ ತುತ್ತೂರಿ ಊದೋರನ್ನ ಕೂರಿಸಿದರು, ಹಳಿ ಪಕ್ಕದಲ್ಲಿ ಸ್ವರಜ್ಞಾನ ಇರೋರನ್ನ ನಿಲ್ಲಿಸಿದರು. ರೈಲು ಹತ್ತಿರ ಬರ್ತಾ ಸ್ವರ ಏರಿ ಕೇಳಿಸ್ತು, ದಾಟಿ ಹೋದಾಗ ಇಳೀತು. ನಿಮ್ಮ ರಸ್ತೆಯಲ್ಲಿ ಆಂಬುಲೆನ್ಸ್ ಹಾದುಹೋದಾಗ ಆಗೋದೂ ಇದೇ.

ಇದನ್ನ ದೇಹದ ಮೇಲೆ ಪ್ರಯೋಗಿಸೋಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು. 1950ರ ದಶಕದಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ಶಿಗೆಯೊ ಸತೋಮುರಾ ಅನ್ನೋ ವಿಜ್ಞಾನಿ ಕಿವಿಗೆ ಕೇಳಿಸದ ಅಲ್ಟ್ರಾಸೌಂಡನ್ನ ಎದೆಯೊಳಗೆ ಕಳಿಸಿ, ಹೃದಯದ ಚಲನೆಯಿಂದ ಮರಳಿ ಬಂದ ಅಲೆಗಳಲ್ಲಿ ಡಾಪ್ಲರ್ ವ್ಯತ್ಯಾಸ ಹಿಡಿದರು. 1959ರ ಹೊತ್ತಿಗೆ ರಕ್ತನಾಳದ ಹರಿವಿನಿಂದಲೂ ಸದ್ದು ಬರ್ತಿದೆ ಅಂತ ತೋರಿಸಿದರು. ಮರುವರ್ಷ ತೀರಿಕೊಂಡರು. ವಯಸ್ಸು ನಲವತ್ತರ ಆಸುಪಾಸು. ಡಾಪ್ಲರ್ ಹೆಸರು ಎಲ್ಲರ ಚೀಟಿಯಲ್ಲೂ ಇದೆ, ಸತೋಮುರಾ ಹೆಸರು ಎಲ್ಲೂ ಕಾಣಲ್ಲ. ನನಗಂತೂ ಇದು ಅನ್ಯಾಯ ಅನ್ನಿಸತ್ತೆ.

1961ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡೀನ್ ಫ್ರಾಂಕ್ಲಿನ್, ರಾಬರ್ಟ್ ರಷ್ಮರ್ ಮತ್ತು ಸಂಗಡಿಗರು ರಕ್ತದ ವೇಗವನ್ನ ಇದೇ ತತ್ವದಿಂದ ಅಳೆಯೋದನ್ನ ಪ್ರಕಟಿಸಿದರು. ರಕ್ತದಲ್ಲಿ ಹರಿಯೋ ಕೆಂಪು ಕಣಗಳೇ ಇಲ್ಲಿ ತುತ್ತೂರಿಯವರು. ಅವು ಅಲೆಯನ್ನ ವಾಪಸ್ ಚದುರಿಸ್ತವೆ. ಕಣ ಓಡ್ತಿದ್ದರೆ ಆ ಅಲೆಯ ಕಂಪನ ಬದಲಾಗಿರತ್ತೆ. ಇಲ್ಲೊಂದು ಅದೃಷ್ಟವೂ ಸೇರಿಕೊಂಡಿತು. ದೇಹಕ್ಕೆ ಕಳಿಸೋ ಅಲೆ ಸೆಕೆಂಡಿಗೆ ಐವತ್ತು ಲಕ್ಷ ಕಂಪನ ಇದ್ದರೂ, ರಕ್ತದ ಓಟದಿಂದ ಆಗೋ ವ್ಯತ್ಯಾಸ ಬರೀ ಕೆಲವು ನೂರರಿಂದ ಕೆಲವು ಸಾವಿರ ಕಂಪನ. ಅದು ಸರಿಯಾಗಿ ನಮ್ಮ ಕಿವಿಯ ಅಳತೆಗೆ ಬೀಳತ್ತೆ! ಹಾಗಾಗಿ ಸ್ಕ್ರೀನ್ ಬೇಕಾಗಲಿಲ್ಲ. ಒಂದು ಪೆನ್ನಿನಂಥ ಪ್ರೋಬ್, ಒಂದು ಸ್ಪೀಕರ್, ಪಳಗಿದ ಒಂದು ಕಿವಿ ಸಾಕಾಯ್ತು. ಅಪಧಮನಿ ‘ಫುಶ್-ಫುಶ್’ ಅಂತ ಹೃದಯದ ತಾಳಕ್ಕೆ ಬಡೀತದೆ. ಅಭಿಧಮನಿ ಗಾಳಿ ಬೀಸಿದ ಹಾಗೆ, ಉಸಿರಾಟದ ಜೊತೆ ಏರ್ತಾ ಇಳೀತಾ ಇರತ್ತೆ. ನಿಜವಾದ ನರಕ್ಕೆ, ಅಂದ್ರೆ ನರ್ವಿಗೆ, ಸದ್ದೇ ಇಲ್ಲ. ನಮ್ಮ ಭಾಷೆ ಒಂದೇ ಹೆಸರಲ್ಲಿ ಕಟ್ಟಿದ್ದನ್ನ ಒಂದು ಸ್ಪೀಕರ್ ಮೂರಾಗಿ ಬಿಡಿಸಿಬಿಡ್ತು.

ಈ ಸದ್ದನ್ನ ರೋಗಿಯ ಹಾಸಿಗೆ ತನಕ ತಂದವರಲ್ಲಿ ಮುಖ್ಯರು ಅದೇ ಸಿಯಾಟಲ್‌ನ ಸರ್ಜನ್ ಯೂಜೀನ್ ಸ್ಟ್ರಾಂಡ್‌ನೆಸ್. ಅಲ್ಲಿಯ ತನಕ ಕಾಲಿನ ರಕ್ತನಾಳ ಸರಿಯಾಗಿ ನೋಡಬೇಕಿದ್ದರೆ ಬಣ್ಣದ ದ್ರವ ಚುಚ್ಚಿ ಎಕ್ಸ್‌ರೇ ತೆಗೀಬೇಕಿತ್ತು. ಸ್ಟ್ರಾಂಡ್‌ನೆಸ್ ಪ್ರೋಬ್ ಹಿಡಿದು ಕೇಳಿದರು. 1960ರ ದಶಕದ ಕೊನೆಗೆ ಬರೀ ವೇಗವಲ್ಲ, ದಿಕ್ಕನ್ನೂ ಹೇಳೋ ಯಂತ್ರಗಳು ಬಂದವು. 1974ರಲ್ಲಿ ಫ್ರಾಂಕ್ ಬಾರ್ಬರ್, ಡೊನಾಲ್ಡ್ ಬೇಕರ್ ಮತ್ತು ಸ್ಟ್ರಾಂಡ್‌ನೆಸ್ ಅವರ ಬಳಗ ನಾಳದ ಚಿತ್ರವನ್ನೂ ಹರಿವನ್ನೂ ಒಂದೇ ಯಂತ್ರದಲ್ಲಿ ಸೇರಿಸಿತು. ಅದೇ ಡ್ಯೂಪ್ಲೆಕ್ಸ್. ಕಾಲ ಹೊಂದಿಸಿಕೊಳ್ಳೋಕೆ ಹೇಳ್ತೀನಿ: ಬರ್ ದುಬೈ ದಡದ ರಶೀದ್ ಆಸ್ಪತ್ರೆ ಶುರುವಾಗಿದ್ದು 1973ರಲ್ಲಿ. ಉಡುಪಿ ಕಡೆಯ ಬಿ.ಆರ್. ಶೆಟ್ಟಿ ಅಬುಧಾಬಿಯಲ್ಲಿ ಕ್ಲಿನಿಕ್ ತೆರೆದು, ಹೆಂಡತಿ ಡಾ. ಚಂದ್ರಕುಮಾರಿ ಅಲ್ಲಿ ರೋಗಿಗಳನ್ನ ನೋಡೋಕೆ ಕೂತಿದ್ದು 1975ರಲ್ಲಿ. ನಮ್ಮವರ ಗಲ್ಫ್ ಬದುಕಿಗೂ ಈ ಯಂತ್ರಕ್ಕೂ ಹೆಚ್ಚುಕಮ್ಮಿ ಒಂದೇ ವಯಸ್ಸು.

1980ರ ದಶಕದಲ್ಲಿ ಜಪಾನಿನವರೇ ಮತ್ತೆ ಮುಂದೆ ಬಂದು ಬಣ್ಣ ಹಚ್ಚಿದರು. ಸ್ಕ್ರೀನಿನಲ್ಲಿ ಕೆಂಪು, ನೀಲಿ ಕಂಡಾಗ ‘ಕೆಂಪು ಒಳ್ಳೇ ರಕ್ತ, ನೀಲಿ ಕೆಟ್ಟ ರಕ್ತ’ ಅಂದ್ಕೋಬೇಡಿ. ಸಾಮಾನ್ಯವಾಗಿ ಪ್ರೋಬ್ ಕಡೆಗೆ ಬರೋದು ಕೆಂಪು, ದೂರ ಹೋಗೋದು ನೀಲಿ. ಅಷ್ಟೇ. ಮತ್ತೆ ಅದೇ ಅಭಿ, ಅಪ.

ಇದರ ಪಕ್ಕದಲ್ಲೇ ಇನ್ನೊಂದು ಬಡವರ ಪರೀಕ್ಷೆ ಬೆಳೀತು. ಕೈಗೆ ಬಿಪಿ ಪಟ್ಟಿ ಕಟ್ಟಿ ಒಂದು ಅಳತೆ, ಕಾಲಿನ ಹರಡಿನ ಹತ್ತಿರ ಕಟ್ಟಿ ಪೆನ್ ಡಾಪ್ಲರಿನಲ್ಲಿ ಕೇಳ್ತಾ ಇನ್ನೊಂದು. ಕಾಲಿನ ಅಂಕಿಯನ್ನ ಕೈಯಿನದರಿಂದ ಭಾಗಿಸಿ. ಉತ್ತರ 0.9 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಕಾಲಿನ ಅಪಧಮನಿ ಕಟ್ಟಿಕೊಳ್ತಿದೆ ಅಂತ ಅರ್ಥ. 1.4 ದಾಟಿದರೆ ಖುಷಿ ಪಡೋ ಹಾಗಿಲ್ಲ. ಹಳೇ ಸಕ್ಕರೆ ಕಾಯಿಲೆಯವರ ನಾಳದ ಗೋಡೆ ಸುಣ್ಣ ಕಟ್ಟಿ ಪೈಪಿನ ಹಾಗೆ ಗಟ್ಟಿಯಾಗಿ, ಪಟ್ಟಿ ಎಷ್ಟು ಒತ್ತಿದರೂ ಮುಚ್ಚಲ್ಲ; ಅದಕ್ಕೇ ಅಂಕಿ ಸುಳ್ಳೇ ಜಾಸ್ತಿ ಬರತ್ತೆ. ಅಂಥವರಿಗೆ ಪೂರ್ತಿ ಸ್ಕ್ಯಾನ್ ಬೇಕು.

ವಿಮಾನ ಹತ್ತೋರಿಗೆ ಒಂದು ಮಾತು. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋಯ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದು ಶ್ವಾಸಕೋಶಕ್ಕೆ ಹಾರಿದರೆ ಪ್ರಾಣಕ್ಕೇ ಅಪಾಯ. 1940ರ ದಶಕದಲ್ಲಿ ಅಮೆರಿಕದ ಸರ್ಜನ್ ಜಾನ್ ಹೋಮನ್ಸ್ ಪಾದ ಮೇಲಕ್ಕೆ ಬಾಗಿಸಿ ನೋವು ಬರತ್ತಾ ನೋಡಿ ಅಂದಿದ್ದರು. ಆ ಲಕ್ಷಣ ನಂಬೋಕೆ ಆಗಲ್ಲ ಅಂತ ಆಮೇಲೆ ಗೊತ್ತಾಯ್ತು. ಅದೇ ಹೋಮನ್ಸ್ 1954ರಲ್ಲಿ ಉದ್ದ ವಿಮಾನ ಪ್ರಯಾಣದ ನಂತರ ಹೀಗಾದದ್ದನ್ನೂ ಬರೆದರು. ಈಗಿನ ಪರೀಕ್ಷೆ ಮಕ್ಕಳಿಗೂ ಅರ್ಥ ಆಗೋವಷ್ಟು ಸರಳ: ಪ್ರೋಬಿನಿಂದ ಒತ್ತಿದರೆ ಆರೋಗ್ಯವಾದ ಅಭಿಧಮನಿ ಚಪ್ಪಟೆ ಆಗತ್ತೆ, ಹೆಪ್ಪು ಇದ್ದರೆ ಆಗಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6000 ಜನರಲ್ಲಿ ಒಬ್ಬರಿಗೆ. ದುಬೈ–ಮಂಗಳೂರಿಗೆ ಹೆದರಬೇಕಿಲ್ಲ. ಟೊರಾಂಟೊ, ಡಲ್ಲಾಸಿನಿಂದ ದುಬೈ ಮೇಲೆ ಊರಿಗೆ ಹೋಗೋರು ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಊರಲ್ಲಿ ಇದೇ ಸ್ಕ್ಯಾನ್ ಮಾಡಿಸೋಕೆ ಹೋದಾಗ ಗೋಡೆ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅನ್ನೋ ಬೋರ್ಡ್ ಕಂಡು ಗಾಬರಿ ಆಗಬೇಡಿ. ಕಾಲು ನೋಡೋ ಯಂತ್ರ ಗರ್ಭವನ್ನೂ ನೋಡಬಲ್ಲದು. ಹಾಗಾಗಿ 1994ರ ಕಾಯ್ದೆಯ ಪ್ರಕಾರ ಅದನ್ನ ನೋಂದಣಿ ಆದ ಕೇಂದ್ರಗಳಿಗೆ ಮಾತ್ರ ಮಾರಬಹುದು.

ವೆರಿಕೋಸ್ ವೇನ್ಸ್ ಪರೀಕ್ಷೆ ಹೇಗಿರತ್ತೆ ಅಂತ ತಿಳೀಬೇಕಿದ್ದರೆ ಅಬ್ರಾ ದೋಣಿ ಹತ್ತುವಾಗ ಕ್ರೀಕ್ ನೀರನ್ನ ಸ್ವಲ್ಪ ನೋಡಿ. ಅದು ನದಿಯಲ್ಲ, ಸಮುದ್ರದ ತೋಳು. ಭರತದಲ್ಲಿ ನೀರು ಒಳಗೆ ಬರತ್ತೆ, ಇಳಿತದಲ್ಲಿ ಹೊರಗೆ ಹೋಗತ್ತೆ. ತಡೆಯೋಕೆ ಬಾಗಿಲಿಲ್ಲ. ಕಾಲಿನ ಅಭಿಧಮನಿಯಲ್ಲಿ ಬಾಗಿಲುಗಳಿವೆ, ಮೇಲಕ್ಕೆ ಮಾತ್ರ ತೆರೆಯೋ ಪುಟ್ಟ ಕವಾಟಗಳು. ಅವು ಸೋತರೆ ರಕ್ತ ಕ್ರೀಕಿನ ಹಾಗೆ ಎರಡೂ ಕಡೆ ಹರಿಯತ್ತೆ, ಸಂಜೆ ಹೊತ್ತಿಗೆ ಕಾಲು ಭಾರ. ಸ್ಕ್ಯಾನ್ ಮಾಡೋರು ನಿಮ್ಮನ್ನ ನಿಲ್ಲಿಸಿ, ತೊಡೆಗೆ ಪ್ರೋಬ್ ಇಟ್ಟು, ಮೀನಖಂಡ ಒಂದ್ಸಲ ಹಿಸುಕಿ ಬಿಡ್ತಾರೆ. ರಕ್ತ ಮೇಲಕ್ಕೆ ಚಿಮ್ಮತ್ತೆ. ಕೈ ಬಿಟ್ಟ ಮೇಲೆ ಅದು ಅಲ್ಲೇ ನಿಲ್ಲಬೇಕು. ಚರ್ಮದ ಕೆಳಗಿನ ಅಭಿಧಮನಿಯಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ಕೆಳಗೆ ಇಳಿದರೆ ಕವಾಟ ಕೆಟ್ಟಿದೆ ಅಂತ ಬರ್ಕೋತಾರೆ. ನಮ್ಮ ಎಪಿಸೋಡಿನ ಕೊನೆಯಲ್ಲಿ ನೀವು ಕೇಳಿದ ಆ ಉದ್ದನೆಯ ‘ಹ್ಞೂಶ್’ ಸದ್ದು ಅದೇ, ತಪ್ಪು ದಿಕ್ಕಿಗೆ ಇಳೀತಿರೋ ರಕ್ತದ್ದು.