ಕಂಪೆನಿಯ ಹೆಸರಿನ ಖೋಟಾ ನಾಣ್ಯಗಳು

ಕನ್ನಡದಲ್ಲಿ ನಾಣ್ಯವೆಂಬ ಮಾತಿಗೆ ಎರಡು ಅರ್ಥ. ಟಂಕಸಾಲೆಯಿಂದ ಹೊರಬಿದ್ದ ದುಡ್ಡು ಒಂದು. ಮನುಷ್ಯನ ಮೇಲೆ ಲೋಕಕ್ಕಿರುವ ನಂಬಿಕೆ ಇನ್ನೊಂದು. ಕೊಟ್ಟ ಮಾತಿಗೆ ತಪ್ಪದವನನ್ನು ನಾಣ್ಯಸ್ಥನೆಂದು ನಮ್ಮ ಹಿರಿಯರು ಕರೆದರು. ಈ ಎರಡು ಅರ್ಥಗಳೂ ಏಕಕಾಲಕ್ಕೆ ಕೆಡಬಹುದಾದ ಒಂದು ಪೇಟೆ ಈಗ ನಮ್ಮ ಮನೆಯೊಳಗೇ, ಅಂಗೈಯಗಲದ ದೂರವಾಣಿಯ ಮೇಲೆ ತೆರೆದುಕೊಂಡಿದೆ. ಹಳೆಯ ನಾಣ್ಯಗಳ ಅಂತರ್ಜಾಲ ಹರಾಜಿನ ಪೇಟೆ ಅದು. ಅಲ್ಲಿ ಪ್ರಾಮಾಣಿಕರಾದ ವರ್ತಕರು ಇಲ್ಲವೆಂದಲ್ಲ. ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರ ಮಗ್ಗುಲಲ್ಲೇ ಕುಳಿತು, ಅವರಿಗಿಂತ ಗಟ್ಟಿಯಾಗಿ ಸರಕನ್ನು ಸಾರುವವರೂ ಇದ್ದಾರೆ.

ಅಂಥ ಸರಕಿನಲ್ಲಿ ಅತ್ಯಂತ ಪ್ರಸಿದ್ಧವಾದುದು ಒಂದು ತಾಮ್ರದ ಬಿಲ್ಲೆ. ಒಂದು ಮುಖದಲ್ಲಿ ಶ್ರೀರಾಮನ ದರಬಾರು, ಅಥವಾ ಹನುಮಂತ. ಇನ್ನೊಂದು ಮುಖದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೆಸರು, ಅರ್ಧ ಆಣೆಯೆಂದೋ ಒಂದು ಆಣೆಯೆಂದೋ ಬೆಲೆ, ಕೆಳಗೆ 1818 ಎಂಬ ಇಸವಿ. ಕೆಲವದರಲ್ಲಿ 1616, 1717, 1839 ಎಂದೂ ಇರುವುದುಂಟು. ಇದಕ್ಕೆ ಲಕ್ಷಗಟ್ಟಲೆ ಬೆಲೆ ಹೇಳುತ್ತಾರೆ. ದೇವರ ಬಿಂಬ, ಇನ್ನೂರು ವರ್ಷಗಳ ಹಳತನ, ಪರದೇಶಿ ಸರಕಾರದ ಮುದ್ರೆ ಮೂರೂ ಒಂದೆಡೆ ಸೇರಿದಾಗ ಕೊಳ್ಳುವವನ ಮನಸ್ಸು ಸೋಲುವುದು ಸಹಜ.

ಆ ಇಸವಿಗಳನ್ನೇ ಒಂದಿಷ್ಟು ವಿಚಾರಿಸೋಣ. 1616ರಲ್ಲಿ ಕಂಪೆನಿಯ ಪರವಾಗಿ ಸರ್ ಥಾಮಸ್ ರೋ ಜಹಾಂಗೀರನ ಆಸ್ಥಾನದಲ್ಲಿ ಕೈಕಟ್ಟಿ ನಿಂತು ವ್ಯಾಪಾರದ ಸವಲತ್ತುಗಳನ್ನು ಬೇಡುತ್ತಿದ್ದ ಕಾಲ. ಮೊಗಲ್ ಬಾದಶಹನ ನೆಲದಲ್ಲಿ ತನ್ನ ಹೆಸರಿನ ನಾಣ್ಯ ಅಚ್ಚೊತ್ತುವ ಮಾತನ್ನು ಅವನು ಕನಸಿನಲ್ಲಿಯೂ ಆಡಲಾರ. ಮುಂಬಯಿಯಲ್ಲಿ ಟಂಕಸಾಲೆ ನಡೆಸಲು ಇಂಗ್ಲೆಂಡಿನ ದೊರೆಯ ಸನ್ನದು ದೊರೆತದ್ದೇ 1676ರಲ್ಲಿ. 1717ರ ಹೊತ್ತಿಗೆ ಫರುಖ್‌ಸಿಯರನ ಅಪ್ಪಣೆ ದೊರಕಿತು, ನಿಜ. ಆದರೆ ಅದರಂತೆ ಮುಂಬಯಿಯಲ್ಲಿ ಹೊರಟ ರೂಪಾಯಿಗಳ ಮೇಲೆ ಇದ್ದದ್ದು ಬಾದಶಹನ ಹೆಸರು, ಪಾರಸಿ ಲಿಪಿಯಲ್ಲಿ. ಇನ್ನು ದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ಬಂದದ್ದು 1835ರ ಕಾಯಿದೆಯಿಂದ. ಆ ವರ್ಷದ ನಿಜವಾದ ಅರ್ಧ ಆಣೆಯ ಮೇಲೆ ಕಂಪೆನಿಯ ಲಾಂಛನವಿದೆ: ಎರಡು ಸಿಂಹಗಳು, ನಡುವೆ ಗುರಾಣಿ, ಕೆಳಗೆ ಲ್ಯಾಟಿನ್ ಧ್ಯೇಯವಾಕ್ಯ. ತೂಕ 200 ಗ್ರೇನ್, ಎಂದರೆ ಸುಮಾರು 13 ಗ್ರಾಂ. ರಾಮನೂ ಇಲ್ಲ, ಹನುಮಂತನೂ ಇಲ್ಲ.

ಹಾಗಾದರೆ ಕಂಪೆನಿ ನಮ್ಮ ದೇವರುಗಳನ್ನು ನಾಣ್ಯದ ಮೇಲೆ ಇಡಲೇ ಇಲ್ಲವೆ? ಇಟ್ಟಿತು. ಅನೇಕರು ಅವಸರದಲ್ಲಿ ಇಲ್ಲವೆಂದುಬಿಡುತ್ತಾರೆ, ಅದು ಸರಿಯಲ್ಲ. ಇಲ್ಲಿ ಕಥೆ ನಮ್ಮ ನಾಡಿಗೆ ತಿರುಗುತ್ತದೆ. ವಿಜಯನಗರದ ಅರಸರ ವರಹ ದಕ್ಷಿಣದ ವ್ಯಾಪಾರಕ್ಕೆಲ್ಲ ಅಳತೆಗೋಲಾಗಿತ್ತು. ಸುಮಾರು 3.4 ಗ್ರಾಂ ತೂಕದ ಆ ಪುಟ್ಟ ಹೊನ್ನಿನ ಮೇಲೆ ದೇವರ ಮೂರ್ತಿ ಇಲ್ಲದಿದ್ದರೆ ಜನ ಅದನ್ನು ಮುಟ್ಟುತ್ತಿರಲಿಲ್ಲ. ಸಾಮ್ರಾಜ್ಯ ಅಳಿದರೂ ಈ ರೂಢಿ ಅಳಿಯಲಿಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರು ತಮ್ಮ ಹಣದ ಮೇಲೆ ನರಸಿಂಹನನ್ನು ಇಟ್ಟರು. ಹೈದರಾಲಿ ಕೂಡ ಶಿವಪಾರ್ವತಿಯರ ವರಹವನ್ನೇ ಮುಂದುವರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಒಂದೇ ಒಂದು ಪಾರಸಿ ಅಕ್ಷರವನ್ನು ಕೊರೆಸಿ ತೃಪ್ತನಾದ. ಮದರಾಸಿನ ಇಂಗ್ಲಿಷರು ಈ ಜಾಣತನವನ್ನು ಬೇಗ ಕಲಿತರು. ಅವರ ಮೂರುಸ್ವಾಮಿ ವರಹದಲ್ಲಿ ಉಭಯ ನಾಚ್ಚಿಯಾರರೊಡನೆ ವೆಂಕಟೇಶ್ವರ. ನಕ್ಷತ್ರ ವರಹದಲ್ಲಿ ಒಂದು ಬದಿ ವಿಷ್ಣು, ಇನ್ನೊಂದು ಬದಿ ಚುಕ್ಕಿಗಳ ನಡುವೆ ಒಂದು ನಕ್ಷತ್ರ. ಆದರೆ ಗಮನಿಸಬೇಕು: ಇವು ಚಿನ್ನದವು, ಬೆರಳ ತುದಿಯಷ್ಟು ಚಿಕ್ಕವು, ಇವುಗಳ ಮೇಲೆ ಕಂಪೆನಿಯ ಹೆಸರೂ ಇಲ್ಲ, ಇಂಗ್ಲಿಷ್ ಇಸವಿಯೂ ಇಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಮದರಾಸಿನಲ್ಲಿ ವರಹದ ಲೆಕ್ಕವನ್ನು ಬಿಟ್ಟು ರೂಪಾಯಿಯನ್ನು ಮಾನಕವಾಗಿ ಒಪ್ಪಿಕೊಂಡ ವರ್ಷ 1818. ದೇವರ ನಾಣ್ಯ ನೇಪಥ್ಯಕ್ಕೆ ಸರಿದ ವರ್ಷವನ್ನೇ ನಮ್ಮ ಖೋಟಾಕಾರ ತನ್ನ ದೇವರ ನಾಣ್ಯದ ಮೇಲೆ ಕೊರೆದಿದ್ದಾನೆ.

ಈ ಬಿಲ್ಲೆಗಳ ಪೂರ್ವಜರು ಮಾತ್ರ ಗೌರವಸ್ಥರು. ದೇವರ ಮನೆಯ ಸಂಪುಟದಲ್ಲಿ ಇಟ್ಟು ಪೂಜಿಸುವ ರಾಮಟಂಕಗಳನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅವು ಚಲಾವಣೆಯ ನಾಣ್ಯಗಳೆಂದು ಯಾರೂ ಹೇಳಲಿಲ್ಲ. ಪೂಜೆಗೆಂದೇ ಮಾಡಿದ ಮುದ್ರಿಕೆಗಳು. ಅದೇ ಪಟ್ಟಾಭಿಷೇಕದ ಚಿತ್ರಕ್ಕೆ ಕಂಪೆನಿಯ ಹೆಸರನ್ನು ಅಂಟಿಸಿದಾಗ ಭಕ್ತಿಯ ವಸ್ತು ಮೋಸದ ವಸ್ತುವಾಯಿತು. ಮೋಸ ಅಲ್ಲಿಗೂ ನಿಲ್ಲಲಿಲ್ಲ. ಈ ನಾಣ್ಯಕ್ಕೆ ಸಿಡಿಲು ಬಡಿದಿದೆ, ಇದು ಅಕ್ಕಿಯನ್ನು ತನ್ನತ್ತ ಸೆಳೆಯುತ್ತದೆ, ಅಮೆರಿಕದ ಬಾಹ್ಯಾಕಾಶ ಸಂಸ್ಥೆಯವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಎಂದು ನಂಬಿಸುವ ಕೂಟಗಳು ಹುಟ್ಟಿಕೊಂಡವು. ಅಕ್ಕಿಕಾಳಿಗೆ ಕಬ್ಬಿಣದ ಪುಡಿ ಸವರಿ, ಬಿಲ್ಲೆಯ ಅಡಿಯಲ್ಲಿ ಆಯಸ್ಕಾಂತವನ್ನು ಅಡಗಿಸಿದರೆ ಯಾವ ಬಿಲ್ಲೆಯಾದರೂ ಅಕ್ಕಿಯನ್ನು ಸೆಳೆದೀತು. ಹೀಗೆ ಹೊಲಮನೆ ಮಾರಿ ಹಣ ಕಟ್ಟಿದವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ.

ನಾಣ್ಯದಷ್ಟೇ ಹಳೆಯದು ಖೋಟಾನಾಣ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯವನ್ನು ಪರೀಕ್ಷಿಸುವ ರೂಪದರ್ಶಕನೂ ಇದ್ದಾನೆ, ಕಳ್ಳನಾಣ್ಯ ಮಾಡುವ ಕೂಟರೂಪಕಾರಕನೂ ಇದ್ದಾನೆ. ಆದರೆ ಪೇಟೆಯಲ್ಲಿ ಚಲಾಯಿಸಲು ಮಾಡುವ ಕಳ್ಳನಾಣ್ಯ ಬೇರೆ, ಸಂಗ್ರಹಕಾರನನ್ನು ಮರುಳುಮಾಡಲು ಮಾಡುವ ಕಳ್ಳನಾಣ್ಯ ಬೇರೆ. ಎರಡನೆಯದಕ್ಕೆ ಪಾಂಡಿತ್ಯ ಬೇಕು. ಆ ವಿದ್ಯೆಯ ಆಚಾರ್ಯಪುರುಷನೆಂದರೆ ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್. 1772ರಲ್ಲಿ ಸ್ಪೇಯರ್ ಪಟ್ಟಣದಲ್ಲಿ ಹುಟ್ಟಿ, ಮೊದಲು ದ್ರಾಕ್ಷಾರಸದ ವ್ಯಾಪಾರ ಮಾಡಿದವನು. ಮಹಾಕವಿ ಗಯಟೆಯಂಥವರ ಪರಿಚಯ ಅವನಿಗಿತ್ತು. ಒಬ್ಬ ಶ್ರೀಮಂತ ಬ್ಯಾರನ್ ಇವನಿಗೆ ರೋಮಿನ ಚಿನ್ನದ ಖೋಟಾನಾಣ್ಯವೊಂದನ್ನು ಮಾರಿದನಂತೆ. ಇವನು ಹೋಗಿ ದೂರಿದಾಗ, ತಿಳಿಯದ ವಿಷಯಕ್ಕೆ ಕೈಹಾಕಿದರೆ ಹೀಗೆಯೇ ಆಗಬೇಕೆಂದು ನಕ್ಕನಂತೆ. ಆ ಅವಮಾನದಿಂದ ಬೆಕರ್ ಅಚ್ಚು ಕೊರೆಯುವುದನ್ನು ಕಲಿತನೆಂದು ಪ್ರತೀತಿ. ಕಥೆ ನಿಜವಿರಲಿ ಬಿಡಲಿ, ಅವನ ಕೈಚಳಕ ಮಾತ್ರ ನಿಜ. ಗ್ರೀಕ್, ರೋಮನ್ ನಾಣ್ಯಗಳ ಅಚ್ಚುಗಳನ್ನು ತಾನೇ ಕೊರೆದ. ಲೋಹ ಹೊಸದೆಂದು ಸಿಕ್ಕಿಬೀಳಬಾರದೆಂದು, ಬೆಲೆಬಾಳದ ಅಸಲಿ ಹಳೆಯ ನಾಣ್ಯಗಳ ಮೇಲೆಯೇ ತನ್ನ ಅಚ್ಚನ್ನು ಒತ್ತಿದ. ಹೊಸ ಹೊಳಪು ಹೋಗಲೆಂದು ಅವುಗಳನ್ನು ಕಬ್ಬಿಣದ ಪುಡಿ, ಜಿಡ್ಡು ತುಂಬಿದ ಪೆಟ್ಟಿಗೆಯಲ್ಲಿ ಹಾಕಿ ತನ್ನ ಕುದುರೆಗಾಡಿಗೆ ಕಟ್ಟಿ ಊರೂರು ಸುತ್ತುತ್ತಿದ್ದ. ಮುದುಕರನ್ನು ಗಾಳಿಸವಾರಿಗೆ ಕರೆದೊಯ್ಯುತ್ತಿದ್ದೇನೆ ಎನ್ನುತ್ತಿದ್ದನಂತೆ. 1830ರಲ್ಲಿ ತೀರಿಕೊಂಡ. ಅವನು ಕೊರೆದ ಅಚ್ಚುಗಳು ಇಂದು ಬರ್ಲಿನ್ನಿನ ಮ್ಯೂಸಿಯಮ್ಮಿನಲ್ಲಿವೆ. ಬ್ರಿಟಿಷ್ ವಿದ್ವಾಂಸ ಜಾರ್ಜ್ ಹಿಲ್ ಅವನ ಕೃತಿಗಳ ಮೇಲೆ ಗ್ರಂಥವನ್ನೇ ಬರೆದ.

ಬೆಕರನ ಮುಂದೆ ನಮ್ಮ ಇಂದಿನ ಖೋಟಾಕಾರರು ಬಹುಪಾಲು ಸೋಮಾರಿಗಳು. ಅಚ್ಚು ಕೊರೆಯುವ ಬದಲು ಅಸಲಿಯಿಂದ ಮೂಸೆ ತೆಗೆದು ಎರಕ ಹೊಯ್ಯುತ್ತಾರೆ. ಎರಕ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಅಕ್ಷರಗಳ ಅಂಚು ಸಾಬೂನಿನಂತೆ ಮೊಂಡಾಗಿರುತ್ತದೆ, ಮೈಮೇಲೆ ಗಾಳಿಗುಳ್ಳೆಯ ಸಣ್ಣ ಗುಳಿಗಳಿರುತ್ತವೆ, ಅಂಚಿನ ಸುತ್ತ ಮೂಸೆಯ ಎರಡು ಹೋಳು ಕೂಡಿದ ಗೆರೆಯೋ ಅದನ್ನು ಅರದಿಂದ ಉಜ್ಜಿದ ಗುರುತೋ ಕಾಣುತ್ತದೆ. ಆದ್ದರಿಂದಲೇ ಮಾರುವವನು ಎರಡು ಮುಖಗಳ ಚಿತ್ರವನ್ನು ಕೊಟ್ಟು ಅಂಚಿನ ಚಿತ್ರವನ್ನು ಕೊಡಲು ಹಿಂಜರಿದರೆ, ಸವಾಲು ಕೂಗದಿರುವುದು ಲೇಸು. ಕೈಯಿಂದ ಬಡಿದು ಅಚ್ಚೊತ್ತಿದ ಕಾಲದ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದು ಇರಲಾರದು. ಒಂದೇ ಬಿರುಕು, ಒಂದೇ ಕಚ್ಚು, ಒಂದೇ ಜಾಗದಲ್ಲಿ ಇರುವ ಎರಡು ವರಹಗಳು ಬೇರೆ ಬೇರೆ ಹರಾಜುಗಳಲ್ಲಿ ಕಂಡರೆ ಅವು ಒಂದೇ ಮೂಸೆಯ ಮಕ್ಕಳು. ಒಂದೇ ಛಾಯಾಚಿತ್ರವನ್ನು ಇಬ್ಬರು ಕದ್ದು ಬಳಸಿದ್ದರೂ ಇರಬಹುದು. ಆಗಲೂ ಕೊಳ್ಳಬಾರದ ಸರಕೇ.

ತೂಕವನ್ನು ಕೇಳಿ ತಿಳಿಯಬೇಕು. 1835ರ ರೂಪಾಯಿ 180 ಗ್ರೇನ್, ಸುಮಾರು 11.66 ಗ್ರಾಂ; ಸವೆದರೆ ತುಸು ಕಡಿಮೆಯಾದೀತು, ಹೆಚ್ಚಾಗಲಾರದು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುವ ಅದರ ಸಾಂದ್ರತೆ ನೀರಿನ 10.3ರಷ್ಟು. ಚಿನ್ನ, ಬೆಳ್ಳಿ, ತಾಮ್ರ ಮೂರನ್ನೂ ಆಯಸ್ಕಾಂತ ಎಳೆಯದು. ತಾಮ್ರದ ಕಿಲುಬು ಲೋಹಕ್ಕೆ ಕಚ್ಚಿಕೊಂಡಿರಬೇಕು. ಬಣ್ಣದಂತೆ ಉಗುರಿಗೆ ಎದ್ದು ಬಂದರೆ ನಿನ್ನೆ ಬಳಿದದ್ದು. ಆರನೆಯ ಜಾರ್ಜನ 1939ರ ಬೆಳ್ಳಿ ರೂಪಾಯಿ ವಿರಳವೆಂದು ಎಲ್ಲರಿಗೂ ಗೊತ್ತು. ಅದಕ್ಕಾಗಿಯೇ 1938ರ ಅಸಲಿ ರೂಪಾಯಿಯ ಕಡೆಯ ಎಂಟನ್ನು ಕೆತ್ತಿ ಒಂಬತ್ತು ಮಾಡುತ್ತಾರೆ. ಇಲ್ಲಿ ಬೆಳ್ಳಿಯೂ ಸಾಚಾ, ತೂಕವೂ ಸಾಚಾ, ಒಂದು ಅಂಕಿ ಮಾತ್ರ ಸುಳ್ಳು. ಭೂತಗನ್ನಡಿ ಹಿಡಿಯದೆ ತಿಳಿಯುವಂತಿಲ್ಲ.

ಬೆಲೆಯ ಬಗ್ಗೆ ಒಂದು ಮಾತು. 1809ರ ಜನವರಿಯಲ್ಲಿ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು ಮದರಾಸಿಗೆಂದು ಅಚ್ಚಾದ ಕಂಪೆನಿಯ ತಾಮ್ರದ ಕಾಸುಗಳನ್ನು ಹೊತ್ತು ಹೊರಟು, ಇಂಗ್ಲೆಂಡಿನ ತೀರದ ಮರಳುದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಆ ಕಾಸುಗಳನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಸಾಚಾ ಕಂಪೆನಿಯ ನಾಣ್ಯ, ಸಾಚಾ 1808ರ ಇಸವಿ. ಆದರೂ ಅವು ಅಗ್ಗವಾಗಿ ಸಿಗುತ್ತವೆ, ಏಕೆಂದರೆ ಬಹಳ ಇವೆ. ಹಳತನವೊಂದೇ ಬೆಲೆಯನ್ನು ತರುವುದಿಲ್ಲ.

ಮಾರಹೊರಟವರಿಗೂ ಬಲೆಯುಂಟು. ನಿಮ್ಮ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ, ಅನಂತರ ತೆರಿಗೆ ಕಟ್ಟಿ ಎನ್ನುವವರು ರಿಸರ್ವ್ ಬ್ಯಾಂಕಿನ ಲಾಂಛನವನ್ನೇ ತೋರಿಸುತ್ತಾರೆ. ಅಂಥ ವ್ಯವಹಾರದಲ್ಲಿ ತಾನು ತೊಡಗಿಲ್ಲ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್ 4ರಂದು ಪ್ರಕಟಣೆಯನ್ನೇ ಹೊರಡಿಸಬೇಕಾಯಿತು.

1860ರ ದಂಡ ಸಂಹಿತೆ 2024ರ ಜುಲೈ 1ರವರೆಗೂ ಜಾರಿಯಲ್ಲಿತ್ತು. ನಾಣ್ಯವೆಂದರೇನೆಂದು ಹೇಳುವಾಗ ಅದು ಕೊಟ್ಟ ಉದಾಹರಣೆಗಳು ಓದಲು ಸೊಗಸಾಗಿವೆ. ಕವಡೆ ನಾಣ್ಯವಲ್ಲ. ಮುದ್ರೆಯಿಲ್ಲದ ತಾಮ್ರದ ಗಟ್ಟಿ ನಾಣ್ಯವಲ್ಲ. ಪದಕ ನಾಣ್ಯವಲ್ಲ. ಕಂಪೆನಿಯ ರೂಪಾಯಿ ನಾಣ್ಯ. ಚಲಾವಣೆ ನಿಂತ ಫರೂಖಾಬಾದ್ ರೂಪಾಯಿ ಕೂಡ ನಾಣ್ಯವೇ. ರಾಮದರಬಾರಿನ ಬಿಲ್ಲೆ ಯಾವ ಸಾಲಿಗೆ ಸೇರುವುದೆಂದು ವಕೀಲರು ವಾದಿಸಲಿ. ಇಲ್ಲದ ನಾಣ್ಯವನ್ನು ಇದೆಯೆಂದು ಮಾರುವುದು ವಂಚನೆಯೆಂಬುದರಲ್ಲಿ ವಾದವಿಲ್ಲ. ಅಂಥದು ಕೈಗೆ ಬಂದವರು ಹರಾಜಿನ ಪುಟದ ಚಿತ್ರ, ಹಣ ಸಂದ ರಸೀದಿ, ಅಂಚೆಯ ಹೊದಿಕೆ ಮೂರನ್ನೂ ಜೋಪಾನವಾಗಿಟ್ಟು, ಮೊದಲು ಮಾರಿದವನಿಗೂ ಹರಾಜು ನಡೆಸಿದವರಿಗೂ ಬರಹದಲ್ಲಿ ತಿಳಿಸಬೇಕು. ಹಣ ಹೋದದ್ದು ಖಚಿತವಾದೊಡನೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆಮಾಡಬೇಕು. ನಷ್ಟ ತುಂಬಿಕೊಳ್ಳಲು ಅದನ್ನೇ ಇನ್ನೊಬ್ಬರಿಗೆ ಅಸಲಿಯೆಂದು ದಾಟಿಸಿದರೆ ಮಾತ್ರ ಕಾನೂನಿನ ಕಣ್ಣಿಗೆ ಎರಡನೆಯ ಆರೋಪಿ ಅವರೇ.